ಹೊರದೇಶದಲ್ಲಿ ನೃತ್ಯ ಕಲಿಸಲು, ಸಂಯೋಜಿಸಲು ಹೊರಡುವ ಮುನ್ನ

ಹೊರದೇಶದ ನೃತ್ಯ ಕಂಪನಿಯಿಂದ ಕರೆ ಬಂದರೆ ಮೊದಲು ಕೆಲಸ ಏನೆಂದು ಖಚಿತ ಮಾಡಿಕೊಳ್ಳಿ. ಬರೀ ಕ್ಲಾಸೇ, ಹೊಸ ಕೃತಿಯೂ ಕಟ್ಟಬೇಕೇ, ನೀವೂ ರಂಗದ ಮೇಲೆ ಕುಣಿಯಬೇಕೇ? ವೀಸಾ, ತೆರಿಗೆ ಎರಡೂ ಇದರ ಮೇಲೆ ನಿಂತಿವೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಉಳಿಯಲು ವೀಸಾ ಸಿಕ್ಕಿತೆಂದ ಮಾತ್ರಕ್ಕೆ ದುಡಿಯಲು ಅನುಮತಿ ಸಿಕ್ಕಂತಲ್ಲ. ಅದನ್ನು ಆಯಾ ದೇಶದ ನಿಯಮ ನೋಡಿಯೇ ಪಡೆಯಬೇಕು. ಕಲೆಯಲ್ಲಿ ಅಸಾಧಾರಣ ಸಾಧನೆ ಮಾಡಿದವರಿಗೆ ಕೊಡುವ ಅಮೆರಿಕದ ಓ-1ಬಿ ವೀಸಾಕ್ಕೆ ನಿಮ್ಮ ಪರವಾಗಿ ಅಲ್ಲಿನ ಉದ್ಯೋಗದಾತರೋ ಏಜೆಂಟರೋ ಅರ್ಜಿ ಹಾಕಬೇಕು. ವೀಸಾ ಅಧಿಕಾರಿಗಳು ಕೇಳುವುದು ಸಾಧನೆಯ ಪುರಾವೆ. ಆದ್ದರಿಂದ ವಿಮರ್ಶೆ, ಆಹ್ವಾನಪತ್ರ, ಒಪ್ಪಂದಗಳನ್ನು ಮೊದಲ ಪ್ರದರ್ಶನದಿಂದಲೇ ದಿನಾಂಕ ಸಮೇತ ಜೋಡಿಸಿಡಿ.

ಇನ್‌ವಾಯ್ಸ್‌ನಲ್ಲಿ ಬೋಧನೆ, ಸಂಯೋಜನೆ, ಪ್ರದರ್ಶನಗಳ ಹಣವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಅನೇಕ ತೆರಿಗೆ ಒಪ್ಪಂದಗಳು ರಂಗದ ಮೇಲೆ ಕುಣಿದವರಿಗೆ ಒಂದು ನಿಯಮ, ಸಂಯೋಜಿಸಿದವರಿಗೆ ಇನ್ನೊಂದು ನಿಯಮ ಇಟ್ಟಿವೆ. ಎಲ್ಲ ಒಟ್ಟುಗೂಡಿಸಿ ಬರೆದರೆ ಪೂರ್ತಿ ಮೊತ್ತಕ್ಕೂ ತೆರಿಗೆ ಕಡಿತ ಬೀಳಬಹುದು. ಕೃತಿಯನ್ನು ಕಂಪನಿ ಎಷ್ಟು ವರ್ಷ ಆಡಬಹುದು, ಪ್ರತಿ ಪ್ರದರ್ಶನಕ್ಕೆ ನಿಮಗೇನು ಸಲ್ಲಬೇಕು ಎನ್ನುವುದೂ ಕರಾರಿನಲ್ಲಿರಲಿ. ರಂಗದಲ್ಲಿ ಸಂಗೀತ ನುಡಿಸಲು ಸಿಕ್ಕ ಅನುಮತಿ ವಿಡಿಯೊಗೆ ಸಾಲದು. ಅದನ್ನು ಬೇರೆಯಾಗಿ ಪಡೆಯಿರಿ.

ನೆಲದ ಬಗ್ಗೆ ಹೊರಡುವ ಮೊದಲೇ ವಿಚಾರಿಸಿ. ಕಾಂಕ್ರೀಟಿನ ಮೇಲೆ ನೇರವಾಗಿ ವಿನೈಲ್ (ಪ್ಲಾಸ್ಟಿಕ್ ಹಾಸು) ಹಾಸಿದ್ದರೆ ನೋಡಲು ಚೆನ್ನಾಗಿರುತ್ತದೆ, ಆದರೆ ಜಿಗಿದ ಪೆಟ್ಟೆಲ್ಲ ಮೊಣಕಾಲಿನ ಕೆಳಗಿನ ಮೂಳೆಗೇ. ಅಲ್ಲಿ ಜಿಗಿತಗಳನ್ನು ಕೈಬಿಟ್ಟು ನಡಿಗೆ, ಓಟ, ತೂಕ ಬದಲಿಸುವ ಚಲನೆಗಳನ್ನೇ ಇಟ್ಟುಕೊಳ್ಳಿ.

90 ನಿಮಿಷದ ಕ್ಲಾಸಿಗೆ ಈ ಲೆಕ್ಕ ಒಗ್ಗುತ್ತದೆ: ನೆಲದ ಮೇಲೆ 20, ನಿಂತು 15, ಕೋಣೆಯುದ್ದಕ್ಕೆ ಸಾಗುತ್ತ 20, ಫ್ರೇಸ್ (ಜೋಡಿಸಿ ಕಲಿಸುವ ಚಲನೆಗಳ ಸರಣಿ) 30, ತಣಿಯಲು 5. ದುಭಾಷಿ ಇದ್ದರೆ ಫ್ರೇಸನ್ನು ಅರ್ಧಕ್ಕಿಳಿಸಿ, ಪ್ರತಿ ಮಾತಿಗೂ ಎರಡು ಪಟ್ಟು ಹೊತ್ತು ಹೋಗುತ್ತದೆ. ಮೊದಲು ಮಾತಿಲ್ಲದೆ, ಅವರಿಗೆ ಬೆನ್ನು ಹಾಕಿ, ಪೂರ್ತಿ ಫ್ರೇಸ್ ಎರಡು ಸಲ ಮಾಡಿ ತೋರಿಸಿ. ಮೈ ಮುಟ್ಟಿ ತಿದ್ದುವ ಮುನ್ನ ಪ್ರತಿಯೊಬ್ಬರನ್ನೂ ಕೇಳಿ.

ನಿಂತಲ್ಲಿಂದ ನೆಲದ ಮೇಲಕ್ಕೆ ಇಳಿಯುವಾಗ ಪೆಟ್ಟಾಗುವುದುಂಟು. ಬ್ಯಾಲೆ ಕಲಿತು ಬಂದ ಅನೇಕರು ಮೊಣಕಾಲನ್ನೇ ಮೊದಲು ಊರುತ್ತಾರೆ, ಚಿಪ್ಪಿಗೆ ನೋವಾಗುತ್ತದೆ. ಮೀನಖಂಡದ ಹೊರಬದಿ, ತೊಡೆ, ಪೃಷ್ಠ ಈ ಕ್ರಮದಲ್ಲಿ ನೆಲ ಮುಟ್ಟಲಿ. ಕೈ ಮುಂದೆ ಜಾರುತ್ತ ಭಾರ ಹೊರಲಿ, ಬೆರಳು ಹಿಂದಕ್ಕೆ ತಿರುಗದಿರಲಿ. ಮೊದಲು ನಿಧಾನವಾಗಿ ನಾಲ್ಕೈದು ಸಲ, ಆಮೇಲೆ ವೇಗ. ಬರಿಗಾಲು ವಿನೈಲಿಗೆ ಅಂಟಿ ಚರ್ಮ ಸುಲಿಯುತ್ತಿದ್ದರೆ ಜಾರುವ ಭಾಗಕ್ಕೆ ಮಾತ್ರ ಕಾಲುಚೀಲ ಹಾಕಿಸಿ, ಜಿಗಿತಕ್ಕೆ ಮುನ್ನ ತೆಗೆಸಿ.

ಕೃತಿ ಕಟ್ಟಲು ಹೋಗಿದ್ದರೆ ಕೊನೆಯ ಎರಡು ದಿನ ಹೊಸದೇನನ್ನೂ ಸೇರಿಸಬೇಡಿ. ನಿಮ್ಮ ನಂತರ ತಾಲೀಮು ನೋಡಿಕೊಳ್ಳುವವರು ಆ ಎರಡೂ ದಿನ ನಿಮ್ಮ ಪಕ್ಕದಲ್ಲೇ ಕುಳಿತಿರಲಿ. ಎರಡು ವಿಡಿಯೊ ತೆಗೆಸಿ, ಎರಡೂ ಕತ್ತರಿಸದ ದೂರದ ಶಾಟ್. ಒಂದು ಪ್ರೇಕ್ಷಕರ ಕಡೆಯಿಂದ, ನರ್ತಕರ ನಡುವಿನ ಅಂತರ ನೋಡಿಕೊಳ್ಳಲು. ಇನ್ನೊಂದು ನರ್ತಕರ ಹಿಂದಿನಿಂದ, ಹೊಸಬರು ಎಡಬಲ ತಿರುಗಿಸಿಕೊಳ್ಳುವ ಗೊಂದಲವಿಲ್ಲದೆ ಕಲಿಯಲು.