ಶಾಲು ನಿಲ್ಲಿಸಿದೆವು, ವರ್ಷಕ್ಕೊಂದು ದಿನ ಕೊಟ್ಟೆವು: ನನ್ನ ಅನುಭವ

ನಮ್ಮ ಯುವಕ ಮಂಡಲದ ಶಾಶ್ವತ ನಿಧಿ, ಅಂದರೆ ಮೂಲಧನ ಮುಟ್ಟದೆ ಬಡ್ಡಿಯನ್ನಷ್ಟೇ ಖರ್ಚು ಮಾಡುವ ಹಣ, ಈಗ ಹದಿನೆಂಟು ಲಕ್ಷದ ಹತ್ತಿರ ಇದೆ. ಪುತ್ತೂರು ಕಡೆಯ ಒಂದು ಹಳ್ಳಿಯ ಮಂಡಲಕ್ಕೆ ಇದು ದೊಡ್ಡ ಮೊತ್ತವೇ. ದಾನಿಗಳಿಗೆ ಶಾಲು ಹೊದೆಸುವುದನ್ನು ಬಿಟ್ಟು, ಅವರ ಹೆಸರಿಗೆ ವರ್ಷದಲ್ಲಿ ಒಂದು ದಿನ ಇಟ್ಟೆವು. "ಶಾಲು, ಸ್ಮರಣಿಕೆ ನಿಲ್ಲಿಸಿದರೆ ಒಬ್ಬನೂ ಕೊಡುವುದಿಲ್ಲ, ನೋಡ್ತಾ ಇರಿ" ಎಂದು ಮಹಾಸಭೆಯಲ್ಲಿ ಎದ್ದು ನಿಂತು ಹೇಳಿದವರಿದ್ದರು. ಈಗ ಅಕ್ಕಪಕ್ಕದ ಊರಿನವರು ಯಾವ ದಿನ ಯಾರದ್ದು ಎಂದು ಬರೆದಿಟ್ಟ ನಮ್ಮ 'ದಿನದ ಪುಸ್ತಕ' ನೋಡಲು ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸಂಘದ ನೋಂದಣಿ, ತೆರಿಗೆ ವಿನಾಯಿತಿಯ ಅನುಮೋದನೆ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲು ನಮ್ಮಲ್ಲೂ ವಾರ್ಷಿಕೋತ್ಸವದಲ್ಲೇ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಸೇರಿ ಒಬ್ಬರಿಗೆ ಐನೂರರ ಹತ್ತಿರ. ಮೂವತ್ತು ದಾನಿಗಳೆಂದರೆ ಹದಿನೈದು ಸಾವಿರ. ಕೊರೋನಾ ಹೊತ್ತಿಗೆ ಠೇವಣಿಯ ಬಡ್ಡಿ ಶೇಕಡಾ ಐದೂವರೆಗೆ ಇಳಿಯಿತು. ಆಗ ನಿಧಿಯಲ್ಲಿದ್ದದ್ದು ಎರಡು ಲಕ್ಷ, ವರ್ಷಕ್ಕೆ ಬಡ್ಡಿ ಹನ್ನೊಂದು ಸಾವಿರ. ಹುಡುಗರ ಆಟಕ್ಕೆ ಅಂತ ಜನ ಕೊಟ್ಟ ದುಡ್ಡಿನ ಬಡ್ಡಿ ಆ ದಾನಿಗಳ ಸನ್ಮಾನಕ್ಕೇ ಸಾಲುತ್ತಿರಲಿಲ್ಲ.

ಗ್ರಾನೈಟ್ ಕಲ್ಲಿನಲ್ಲಿ ಹೆಸರು ಕೆತ್ತಿಸಿದ್ದೂ ಆಯಿತು. ನಮ್ಮ ಮಳೆಗೆ ಎರಡೇ ವರ್ಷದಲ್ಲಿ ಅಕ್ಷರದ ಬಣ್ಣ ಹೋಗಿ ಪಾಚಿ ಕಟ್ಟಿತು. ಮನೆ ಹೆಸರು ಬಿಟ್ಟುಹೋಯಿತೆಂದು ಕೆಲವರಿಗೆ ಮುನಿಸು. ಎಲ್ಲಕ್ಕಿಂತ ಕಷ್ಟದ್ದು ಬೇರೆ. ಹೆಸರಿದ್ದವರು ತೀರಿಕೊಂಡರೆ ಹೆಸರಿನ ಮುಂದೆ 'ದಿ.' ಸೇರಿಸಲು ಕಲ್ಲಿನಲ್ಲಿ ಜಾಗವೇ ಇಲ್ಲ. "ಅಪ್ಪ ಹೋಗಿ ವರ್ಷವಾಯಿತು, ಇಲ್ಲಿ ಇನ್ನೂ ಶ್ರೀ ಅಂತಲೇ ಇದೆಯಲ್ಲಾ" ಎಂದು ಒಬ್ಬ ದಾನಿಯ ಮಗ ಕೇಳಿದರು. ಅವರಿಗೆ ಏನು ಹೇಳುವುದು?

ಕೊಟ್ಟ ಮೊತ್ತ ನೋಡಿ ದಾನಿಗಳಿಗೆ ಪೋಷಕರು, ಮಹಾಪೋಷಕರು ಅಂತ ಮೆಟ್ಟಿಲು ಮಾಡಿದಾಗ ಕಡಿಮೆ ಕೊಟ್ಟವರು ಸುಮ್ನೆ ದೂರ ಸರಿದರು.

ದಾರಿ ಸಿಕ್ಕಿದ್ದು ದೇವಸ್ಥಾನದ ಶಾಶ್ವತ ಪೂಜೆಯಿಂದ. ಒಮ್ಮೆ ಕಟ್ಟಿದರೆ ಪ್ರತಿ ವರ್ಷ ನಾವು ಹೇಳಿದ ದಿನ ನಮ್ಮ ಹೆಸರಲ್ಲಿ ಪೂಜೆ, ಅಂಚೆಯಲ್ಲಿ ಪ್ರಸಾದ. ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ? ಮಂಡಲದಲ್ಲೂ ಹಾಗೇ ಮಾಡೋಣ ಅಂತ ನಾನು ಹಟ ಹಿಡಿದೆ.

ಹತ್ತು ಸಾವಿರಕ್ಕೆ ಪ್ರತಿ ವರ್ಷ ಒಂದು ದಿನ, ಆ ದಿನದ ತಿಂಡಿ ಆ ಹಣದ ಬಡ್ಡಿಯಿಂದ. ಶುರು ಮಾಡಿದಾಗ ಬಡ್ಡಿ ಏಳರ ಆಸುಪಾಸು, ಅಂದರೆ ವರ್ಷಕ್ಕೆ ಏಳುನೂರು. ಕಬಡ್ಡಿ ಅಭ್ಯಾಸಕ್ಕೆ ಬರುವ ಇಪ್ಪತ್ತೈದು ಮೂವತ್ತು ಮಕ್ಕಳಿಗೆ ಅವಲಕ್ಕಿ, ಬಾಳೆಹಣ್ಣು, ಚಾ ಅಂದರೆ ಐನೂರೈವತ್ತು. ಉಳಿದದ್ದು ಮೂಲಧನಕ್ಕೇ ವಾಪಸ್. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಬೆಲೆ ಏರುತ್ತಲೇ ಇರುತ್ತದೆ.

ಆ ಸಂಜೆ ಅಂಗಳದ ಬಾಗಿಲಲ್ಲಿ ಕರಿಹಲಗೆ ಇಡುತ್ತೇವೆ. ಅಕ್ಷರ ದುಂಡಗಿರುವ ಒಬ್ಬಳು ಹುಡುಗಿ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ: "ಇಂದಿನ ಅಭ್ಯಾಸ ಅಮ್ಮನ ನೆನಪಿಗೆ." ಕೆಳಗೆ ಅಮ್ಮನ ಹೆಸರು, ಮನೆ ಹೆಸರು, ದಾನಿ ಹೇಳಿದ ಒಂದು ಮಾತು. ಒಬ್ಬರು ಬರೆಸಿದ್ದು, "ಬೀಡಿ ಕಟ್ಟಿ ನಮ್ಮನ್ನು ಓದಿಸಿದಳು." ಅದನ್ನು ಗಟ್ಟಿಯಾಗಿ ಓದಿದ ಮೇಲೆಯೇ ಆಟ. ಹಲಗೆಯ ಸುತ್ತ ಮಕ್ಕಳು ನಿಂತ ಫೋಟೋ ಕತ್ತಲಾಗುವ ಮೊದಲೇ ದಾನಿಯ ವಾಟ್ಸಾಪ್‌ಗೆ ಹೋಗಬೇಕು. ಮರುದಿನ ಹೋದರೆ ಅದರ ಬೆಲೆ ಅರ್ಧ. ಅವರು ಸ್ಟೇಟಸ್ ಹಾಕುತ್ತಾರೆ, ಮುಂಬೈಯಲ್ಲಿರುವ ತಮ್ಮ ನೋಡುತ್ತಾನೆ, "ಅಪ್ಪನಿಗೂ ಒಂದು ದಿನ ಇದೆಯಾ?" ಅಂತ ಫೋನ್ ಬರುತ್ತದೆ. ನಮ್ಮ ಅರ್ಧಕ್ಕಿಂತ ಜಾಸ್ತಿ ದಾನಿಗಳು ಹೀಗೇ ಬಂದವರು. ಆ ಫೋನಿನಲ್ಲಿ ನಾವು ಮೊದಲು ಏನು ಕೇಳುತ್ತೇವೆ ಎನ್ನುವುದನ್ನು ಮಾತ್ರ ನಮ್ಮಲ್ಲೇ ಇಟ್ಟುಕೊಳ್ಳುತ್ತೇನೆ.

ಲಕ್ಷ ಕೊಟ್ಟವರಿಗೂ ಹಲಗೆ ಒಂದೇ, ಅಕ್ಷರ ಅಷ್ಟೇ ದೊಡ್ಡದು. ಜಾಸ್ತಿ ಕೊಡುವವರು ಜಾಸ್ತಿ ದಿನ ತೆಗೆದುಕೊಳ್ಳಬಹುದು. ಅಪ್ಪನಿಗೆ, ಅಜ್ಜಿಗೆ, ಒಂದನೇ ಕ್ಲಾಸಿನ ಟೀಚರಿಗೆ. ಇದಕ್ಕೆ ಸಮಿತಿಯಲ್ಲಿ ದೊಡ್ಡ ಜಗಳವೇ ಆಯಿತು. ಆದರೆ ಟೀಚರ ಹೆಸರಿಗೆ ಬಂದ ದಿನಗಳು ಈಗ ಹತ್ತಕ್ಕೂ ಜಾಸ್ತಿ.

ಕಾಗದದ ಕೆಲಸದಲ್ಲಿ ಒಂದು ಉಪಾಯ. ದಿನ ಕೇಳುವ ಅರ್ಜಿಯಲ್ಲೇ "ಈ ಹಣ ಮೂಲಧನಕ್ಕೆ" ಎಂದು ಒಂದು ಸಾಲು, ಕೆಳಗೆ ಸಹಿ. ಆಡಿಟರ್ ಕೇಳುವ ಪತ್ರವೂ ಅದೇ ಆಗುತ್ತದೆ. ದಾನಿಗೆ ತೆರಿಗೆ ವಿನಾಯಿತಿಗೆ ಬೇಕಾದ ಪ್ರಮಾಣಪತ್ರವನ್ನು ಬರಿದೇ ಇಮೇಲ್ ಮಾಡುವುದಿಲ್ಲ. ಒಂದು ಮಗು ಕೈಯಲ್ಲಿ ಬರೆದ ಪತ್ರದ ಜೊತೆ ಅಂಚೆಗೆ ಹಾಕುತ್ತೇವೆ. ಗಲ್ಫ್‌ನಲ್ಲಿರುವವರು ಭಾರತದ ಪಾಸ್‌ಪೋರ್ಟಿನವರೇ, ಬ್ಯಾಂಕ್ ಮೂಲಕ ಅವರ ಹಣ ತೆಗೆದುಕೊಳ್ಳುತ್ತೇವೆ. ಅಮೆರಿಕದ ಪೌರತ್ವ ಪಡೆದವರಿಗೆ ಮಾತ್ರ ಬೇಡ ಎನ್ನಬೇಕಾಯಿತು. ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ, ಅದನ್ನು ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ.

ನಡುವೆ ಬೇರೆಯದನ್ನೂ ಮಾಡಿ ನೋಡಿದೆವು. ದಾನಿಗಳ ಹೆಸರಲ್ಲಿ ಹಲಸಿನ ಗಿಡ ನೆಟ್ಟೆವು, ಅರ್ಧ ದನದ ಬಾಯಿಗೆ ಹೋಯಿತು. ಹೆಸರಿನ ಜೊತೆ ಗಿಡವೂ ಒಣಗಿ ನಿಂತರೆ ನೋಡುವವರಿಗೆ ಸಂಕಟ. ಜೆರ್ಸಿ ಬೆನ್ನಿನ ಮೇಲೆ ಹೆಸರು ಹಾಕಿದೆವು, ಅದು ಪ್ರಾಯೋಜಕರ ಜಾಹೀರಾತಿನ ಹಾಗೆ ಕಂಡಿತು. ಬಿಟ್ಟೆವು.

ತಿಥಿ ಪ್ರಕಾರ ದಿನ ಕೇಳುವವರು ಬಹಳ ಜನ. ಹೊಸ ಪಂಚಾಂಗ ಬಂದ ಕೂಡಲೇ ನಿವೃತ್ತ ಮೇಷ್ಟ್ರೊಬ್ಬರು ಕುಳಿತು ಆ ವರ್ಷದ ತಾರೀಕು ಗುರುತು ಮಾಡಿಕೊಡುತ್ತಾರೆ. ಒಂದೇ ದಿನಕ್ಕೆ ಇಬ್ಬರು ಬಂದರೆ ಹಲಗೆಯಲ್ಲಿ ಇಬ್ಬರೂ, ತಿಂಡಿಗೆ ಒಂದು ಪಾಯಸ ಜಾಸ್ತಿ.

ಜೂನ್, ಜುಲೈ ಮಾತ್ರ ಇಲ್ಲಿಯವರೆಗೆ ಖಾಲಿ ಇತ್ತು. ಮಳೆಗೆ ಅಂಗಳದಲ್ಲಿ ಆಟವಿಲ್ಲ, ಯಾರೂ ಕೇಳುತ್ತಿರಲಿಲ್ಲ. ಈ ವರ್ಷ ಆ ದಿನಗಳನ್ನು ನಮ್ಮ ಗ್ರಂಥಾಲಯಕ್ಕೆ ಕೊಟ್ಟಿದ್ದೇವೆ. ಬಡ್ಡಿಗೆ ಪುಸ್ತಕ, ಒಳಪುಟದಲ್ಲಿ ಹೆಸರಿನ ಚೀಟಿ. ಆರೇಳು ಜನ ಈಗಾಗಲೇ ದಿನ ಹೇಳಿದ್ದಾರೆ.