ಟೆಂಡರ್ ಬಿಟ್ಟು ಸದನಕ್ಕೆ ಹೋದೆ

ನಮ್ಮದು ಕಬ್ಬಿಣದ ಮಂಚ, ಡೆಸ್ಕು, ಬೀರು ಮಾಡುವ ಕಾರ್ಖಾನೆ. ಜಾಸ್ತಿ ಮಾಲು ಹೋಗುತ್ತಿದ್ದದ್ದು ಸರ್ಕಾರಿ ಹಾಸ್ಟೆಲ್‌ಗಳಿಗೆ. ಪಕ್ಷದವರು ಎಂಎಲ್‌ಎ ಟಿಕೆಟ್ ಮಾತೆತ್ತಿದಾಗ ನಾನು ಮೊದಲು ಹೋಗಿದ್ದು ವಕೀಲರ ಹತ್ತಿರ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ಇದೆಯಲ್ಲ, ಅದರ ಪ್ರಕಾರ ರಾಜ್ಯ ಸರ್ಕಾರಕ್ಕೆ ಮಾಲು ಕೊಡುವ ಅಥವಾ ಅದರ ಕಾಮಗಾರಿ ಮಾಡುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ ವಿಧಾನಸಭೆಗೆ ನಿಲ್ಲುವ ಹಾಗಿಲ್ಲ. ಮಾಲು ಪೂರ್ತಿ ಕೊಟ್ಟು, ಸರ್ಕಾರದಿಂದ ದುಡ್ಡು ಬರುವುದಷ್ಟೇ ಬಾಕಿ ಇದ್ದರೆ ತೊಂದರೆ ಇಲ್ಲ. ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾಯುವ ನಮ್ಮಂಥವರಿಗೆ ಇದು ದೊಡ್ಡ ಸಮಾಧಾನ.

ಕೈಯಲ್ಲಿದ್ದ ಆರ್ಡರ್ ಮುಗಿಸಿದೆ. ಮಾಲು ಮುಟ್ಟಿದ್ದಕ್ಕೆ ಪ್ರತಿ ವಾರ್ಡನ್ ಹತ್ತಿರ ಸಹಿ, ಸೀಲು ಹಾಕಿಸಿಕೊಂಡೆ. ಆಮೇಲೇ ನಾಮಪತ್ರ. ಕಾರ್ಖಾನೆಯನ್ನು ತಮ್ಮನಿಗೆ ವಹಿಸಿದೆ. ಅವನ ಹೆಸರಲ್ಲಿ ಟೆಂಡರ್ ಹಾಕಿದರೆ ಕಾನೂನಿನ ಅಡ್ಡಿ ಇಲ್ಲ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಎಂಎಲ್‌ಎ ತಮ್ಮನ ದರಪಟ್ಟಿ ಮೇಜಿನ ಮೇಲಿದ್ದರೆ ಉಳಿದವರಿಗೆ ನ್ಯಾಯ ಸಿಗುತ್ತೆ ಅಂತ ಯಾರು ನಂಬುತ್ತಾರೆ ಹೇಳಿ? ಈಗ ನಮ್ಮ ಮಾಲು ಖಾಸಗಿ ಶಾಲೆ, ಪಿಜಿಗಳಿಗೆ ಹೋಗುತ್ತದೆ. ಲಾಭ ಕಡಿಮೆಯಾಗಿದೆ. ತಮ್ಮ ಇದುವರೆಗೂ ಒಂದು ಮಾತು ಆಡಿಲ್ಲ, ಅದು ಅವನ ದೊಡ್ಡತನ. ಶಾಸಕನಾದ ಮೇಲೆ ಆಸ್ತಿ, ಸಾಲದ ವಿವರವನ್ನು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಕೊಡಬೇಕು. ಲೆಕ್ಕ ಇಟ್ಟು ಅಭ್ಯಾಸ ಇರುವವರಿಗೆ ಅದು ಕಷ್ಟವೇನಲ್ಲ.

ವ್ಯಾಪಾರದಿಂದ ಸದನಕ್ಕೆ ತಂದದ್ದೂ ಈ ಲೆಕ್ಕದ ಅಭ್ಯಾಸವನ್ನೇ. ಬಜೆಟ್ ಬಂದಾಗ ಭಾಷಣದ ಪುಸ್ತಕಕ್ಕಿಂತ ಮೊದಲು ಇಲಾಖೆಯ ಅಂದಾಜಿನ ಸಂಪುಟ ತೆಗೆಯುತ್ತೇನೆ. ಹಿಂದಿನ ನಿಜವಾದ ಖರ್ಚು, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು, ಎಲ್ಲ ಒಂದೇ ಸಾಲಿನಲ್ಲಿರುತ್ತವೆ. ಅಂದಾಜು ಏರುತ್ತಾ ಖರ್ಚು ನಿಂತಲ್ಲೇ ನಿಂತಿದ್ದರೆ ನನ್ನ ಪ್ರಶ್ನೆ ಅಲ್ಲೇ ಹುಟ್ಟುತ್ತದೆ.

ಚುಕ್ಕೆ ಗುರುತಿನ ಪ್ರಶ್ನೆಯಲ್ಲಿ, ಅಂದರೆ ಸಚಿವರು ಸದನದಲ್ಲೇ ಉತ್ತರ ಕೊಡಬೇಕಾದ ಪ್ರಶ್ನೆಯಲ್ಲಿ, ಸುಮ್ನೆ "ಅನುದಾನ ಎಷ್ಟು?" ಅಂತ ಕೇಳಿದರೆ ಮಂಜೂರಾದ ಮೊತ್ತ ಬರೆದು ಕಳಿಸುತ್ತಾರೆ, ಮುಗೀತು. ಅದಕ್ಕೇ ಅ, ಆ, ಇ, ಈ ಎಂದು ಒಡೆದು ಕೇಳುತ್ತೇನೆ: ಮಂಜೂರು ಎಷ್ಟು, ಬಿಡುಗಡೆ ಎಷ್ಟು, ಖರ್ಚು ಎಷ್ಟು, ಪಿಡಿ ಖಾತೆಯಲ್ಲಿ (ಖಜಾನೆಯಲ್ಲಿ ಅಧಿಕಾರಿಯ ಹುದ್ದೆಯ ಹೆಸರಲ್ಲಿರುವ ಠೇವಣಿ ಖಾತೆ) ಕೊಳೆಯುತ್ತಿರುವುದು ಎಷ್ಟು. ಹೀಗೆ ಕೇಳಿದಾಗಲೇ ನಮ್ಮ ಕ್ಷೇತ್ರದ ಹಾಸ್ಟೆಲ್ ದುಡ್ಡು ಖಾತೆಯಲ್ಲೇ ಉಳಿದಿರುವುದು ಹೊರಬಂತು. ಅಲ್ಲಿ ಮಕ್ಕಳು ಒಂದು ಮಂಚಕ್ಕೆ ಇಬ್ಬರಂತೆ ಮಲಗುತ್ತಿದ್ದರು. ಅದನ್ನು ಸದನದಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತ್ತು.

ಆಮೇಲೆ ಹೊಸ ಮಂಚ ಬಂದವು. ನೋಡಲು ನಾನೇ ಹೋದೆ. ಬಣ್ಣ ಚೆನ್ನಾಗಿತ್ತು. ಒಂದು ಮಂಚ ಮಗುಚಿಸಿ ಕಾಲಿನ ರಬ್ಬರ್ ಬುಷ್ ಕಿತ್ತೆ. ಬುಷ್ ತೆಗೆದರೆ ಪೈಪಿನ ದಪ್ಪ ಬರಿಗಣ್ಣಿಗೇ ಕಾಣುತ್ತದೆ. ಟೆಂಡರಿನಲ್ಲಿ 16 ಗೇಜ್ ಎಂದಿತ್ತು, ಕೈಯಲ್ಲಿದ್ದದ್ದು ಅದಕ್ಕಿಂತ ತೆಳು. ಅಡ್ಡಪಟ್ಟಿಗೆ ಪೂರ್ತಿ ವೆಲ್ಡಿಂಗ್ ಇಲ್ಲ, ಎರಡೆರಡು ಟ್ಯಾಕ್, ಅಂದರೆ ಚುಕ್ಕಿಯಷ್ಟು ಬೆಸುಗೆ, ಅಷ್ಟೇ. ಪಕ್ಕದಲ್ಲಿದ್ದ ಅಧಿಕಾರಿಗೆ ಮುಟ್ಟಿ ತೋರಿಸಿದೆ. ಬೈಯಲಿಲ್ಲ. ಅಳತೆ, ಫೋಟೋ ಸೇರಿಸಿ ಅಂದೇ ಪತ್ರ ಬರೆದೆ. ಲಾಟ್ ಪೂರ್ತಿ ವಾಪಸ್ ಹೋಯಿತು, ಬದಲಿ ಮಾಲು ಬಂದು ತಪಾಸಣೆ ಮುಗಿಯುವವರೆಗೂ ಬಿಲ್ ಪಾಸಾಗಲಿಲ್ಲ.