ಹಳೆ ಸಿನಿಮಾ ಡಿಸ್ಕ್ ತಗೊಳ್ಳೋ ಮುಂದ

ಹುಬ್ಬಳ್ಳಿ ದುರ್ಗದಬೈಲ್ ಪ್ಯಾಟಿ ಕಡೆ ಹಳೆ ಕನ್ನಡ ಸಿನಿಮಾದ ವಿಸಿಡಿ ಸಿಕ್ಕರ ಮೊದಲು ಲೇಬಲ್ ಮ್ಯಾಲಿನ ಗೀರು ನೋಡ್ರಿ. ಹೊಳಪಿನ ಪದರ ಇರೂದು ಲೇಬಲ್ಲಿನ ಕೆಳಗೇ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತು ಕಂಡರ ಅಲ್ಲಿ ಪದರ ಹೋಗೇದ, ಎಷ್ಟು ಒರೆಸಿದರೂ ಬರೂದಿಲ್ಲ. ಕೆಳಗಿನ ಬದಿ ಧೂಳಿದ್ದರ ಮೆತ್ತನ ಬಟ್ಟೆಲೆ ನಡುವಿನಿಂದ ಅಂಚಿಗೆ ಸೀದಾ ಒರೆಸ್ರಿ. ಗುಂಡಗ ತಿಕ್ಕಬ್ಯಾಡ್ರಿ, ಹಂಗ ಬಿದ್ದ ಗೀರು ಟ್ರ್ಯಾಕಿನುದ್ದಕ್ಕೂ (ಸಿನಿಮಾ ದಾಖಲಾದ ಸುತ್ತುಗೆರಿ) ಓಡತದ, ಪ್ಲೇಯರ್ ಅಲ್ಲೇ ನಿಂತುಬಿಡತದ.

ಡಿಸ್ಕಿನ್ಯಾಗ ಸಿನಿಮಾ ಬೇಗ ಮುಗೀತಂತ ವಿಮರ್ಶೆ ಬರೆಯೋರು ಅವಸರಲೆ ‘ಕತ್ತರಿ ಹಾಕ್ಯಾರ’ ಅನಬ್ಯಾಡ್ರಿ. ಥಿಯೇಟರಿನ್ಯಾಗ ಸೆಕೆಂಡಿಗೆ 24 ಫ್ರೇಮ್, ಪಾಲ್ (PAL, ನಮ್ಮ ಟಿವಿಗಳ ವಿಡಿಯೋ ಪದ್ಧತಿ) ಡಿಸ್ಕಿನ್ಯಾಗ ಸಾಮಾನ್ಯವಾಗಿ 25. ಹಿಂಗಾಗಿ 150 ನಿಮಿಷದ ಸಿನಿಮಾ 144ಕ್ಕ ಮುಗೀತದ, ಹಾಡಿನ ಶ್ರುತಿನೂ ತುಸು ಏರತದ. ಅದಕ್ಕಿಂತ ಕಡಿಮಿ ಆದರ ಮಾತ್ರ ಹೋದ ದೃಶ್ಯ ಹುಡುಕ್ರಿ. ಬಂಡಿಗಾಲಿ ತತ್ತಿಯಂಗ ಅಗಲಾಗಿ ಕಂಡರ ಮೊದಲು ಟಿವಿಯೊಳಗ ಚಿತ್ರದ ಅಗಲ-ಎತ್ತರದ ಅಳತಿ 4:3 ಇಟ್ಟು ನೋಡ್ರಿ.